ಸ್ಟೇಜು

ಗುರಿ ಏನಮ್ಮ, ದಿನಕ್ಕೆ ಎಷ್ಟು ಕಿಲೋಮೀಟರು? ಕೇಳಿದರು ಡಾಕ್ಟರು.
ಇಪ್ಪತ್ತೊಂದು ವರ್ಷ ಕಂಡಕ್ಟರು ನಾನು,
ಕಿಲೋಮೀಟರು ತಿಳಿಯಲ್ಲ ಸಾರ್,
ಸ್ಟೇಜು ತಿಳಿಯುತ್ತೆ ಅಂದೆ.
ನಕ್ಕರು. ಚೀಟಿಯಲ್ಲಿ ಬರೆದರು: ಐದು ನಿಮಿಷ.

ಮೊದಲ ಸ್ಟೇಜು, ಮಂಚದಿಂದ ಬಚ್ಚಲು.
ಹೊಟ್ಟೆಯ ಮೇಲೆ ಐದು ತೂತು, ಐದು ಪಟ್ಟಿ,
ಒಳಗೆ ಪುಟ್ಟಬಾಳೆಯಷ್ಟು ಉಳಿದ ಚೀಲ.
ಗೋಡೆ ಹಿಡಿದು ಹೋದೆ
ಘಾಟಿ ತಿರುವಿನಲ್ಲಿ ಕಂಬಿ ಹಿಡಿದ ಹಾಗೆ.

ಎರಡನೆಯದು, ಹೊಸಲಿನಿಂದ ಬೀದಿ ನಲ್ಲಿ.
ಮೂರನೆಯದಕ್ಕೆ ಟ್ರಾನ್ಸ್‌ಫಾರ್ಮರು. ಅಲ್ಲಿ ಕಲಾವತಕ್ಕ,
ಕೈಯಲ್ಲಿ ಪೊರಕೆ:
‘ಹೊಟ್ಟೆ ಕುಯ್ಯಿಸ್ಕೊಂಡು ಸಣ್ಣಗಾಗೋದೇನು ದೊಡ್ಡದು ಬಿಡು,
ಬಾಯಿ ಕಟ್ಟಿದ್ರೆ ಸಾಕಿತ್ತು.’
ಕಟ್ಟಿದ್ದೆ ಕಲಾವತಕ್ಕ. ಹದಿನಾಲ್ಕು ಸಲ ಕಟ್ಟಿದ್ದೆ.
ಹದಿನಾಲ್ಕನೇ ಗಂಟು ಬಿಚ್ಚಿದಾಗ
ನೂರಾ ಇಪ್ಪತ್ತಾರು ಕೆಜಿ.

ಸೀಟಿನ ಸಾಲುಗಳ ನಡುವೆ ಒಂದು ಮೊಳ ದಾರಿ.
ಅದರಲ್ಲಿ ನಾನು, ನನ್ನ ಬ್ಯಾಗು, ಬೇಲೂರಿನ ಭಾನುವಾರದ ಜನ.
‘ಮೇಡಂ, ನೀವೇ ಎರಡು ಟಿಕೆಟ್ ತಗೊಳ್ಳಿ’
ಅಂದವನಿಗೂ ಚಿಲ್ಲರೆ ಎಣಿಸಿ ಕೊಟ್ಟಿದ್ದೇನೆ.

ಹೆಂಗಸರಿಗೆ ಈಗ ಬಸ್ಸು ಬಿಟ್ಟಿ.
ಸೊನ್ನೆ ರೂಪಾಯಿಯ ಟಿಕೆಟ್ಟು
ದಿನಕ್ಕೆ ಮುನ್ನೂರು ಹರಿದು ಕೊಟ್ಟವಳು,
ನಡೆಯೋದಕ್ಕೆ ದುಡ್ಡು ಕೊಟ್ಟೆ:
ನೌಕರರ ಸೊಸೈಟಿಯಲ್ಲಿ ಎರಡೂವರೆ ಲಕ್ಷ, ಸಂಬಳದಲ್ಲಿ ಕಟಾವು.

ಹಳೇ ವೇಬಿಲ್ಲಿನ ಬೆನ್ನಿನಲ್ಲಿ ಲೆಕ್ಕ:
ಮನೆ, ಹಾಲಿನ ಬೂತು.
ಬೂತು, ಮಹಾರಾಜ ಪಾರ್ಕು. ಒಳಗೆ ಅರ್ಧ ಸುತ್ತು, ಬೆಂಚು,
ಮತ್ತರ್ಧ.
ಗೇಟಿನ ಹೊರಗೆ ಆಲೂಗಡ್ಡೆ ಬೋಂಡದ ಬಾಣಲೆ.
ವಾಸನೆಗೆ ಲಗೇಜು ಚಾರ್ಜಿಲ್ಲ,
ಎದೆ ತುಂಬ ಎಳೆದುಕೊಂಡು ಮನೆಗೆ ಬಂದೆ.
ನಿಂಬೆಕಾಯಷ್ಟು ಮುದ್ದೆ. ಅದರಲ್ಲೂ ಒಂದು ಚೂರು ಮಿಕ್ಕಿತು.

ನಾಲ್ಕನೇ ತಿಂಗಳು ಬಾಚಣಿಗೆ ತುಂಬ ಕೂದಲು.
ತೋಳಿನ ಚರ್ಮ
ಕಲೆಕ್ಷನ್ ಕಟ್ಟಿ ಬಂದ ಬ್ಯಾಗಿನ ಹಾಗೆ ಜೋತು.
ಐದನೇ ತಿಂಗಳು ತೂಕದ ಮುಳ್ಳು ಬ್ರೇಕ್‌ಡೌನು,
ಮೂರು ವಾರ ನಿಂತಲ್ಲೇ ನಿಂತಿತು.
ಇಳಿದು ತಳ್ಳಿ ಅನ್ನಲು ಪ್ಯಾಸೆಂಜರಿಲ್ಲ.
ತೂಕದ ಮಿಷನ್ನು ಮಂಚದಡಿಗೆ ನೂಕಿ
ಸ್ಟೇಜು ಏರಿಸಿದೆ.

ಓಟ ಬರೆದಿರಲಿಲ್ಲ ಎಲ್ಲೂ.
ಓಡುವವರನ್ನು ಫುಟ್‌ಬೋರ್ಡಿನಿಂದ ನೋಡಿದವಳು ನಾನು.
ಚಪ್ಪಲಿ ಕೈಯಲ್ಲಿ, ಟಿಫಿನ್ನು ಎದೆಗವಚಿ,
ಬಾಯಿ ತೆರೆದುಕೊಂಡು ಬರುತ್ತಿದ್ದರು.
ಎಷ್ಟೋ ಜನಕ್ಕೆ ಹೋಲ್ಡಾನ್ ಹೇಳಿ ವಿಸಲ್ ಊದಿದ್ದೇನೆ.
ಎಷ್ಟೋ ಜನಕ್ಕೆ ಊದಲಿಲ್ಲ.
ಟೈಮಾಗಿತ್ತು.

ಏಳನೇ ತಿಂಗಳು, ಪುಷ್ಯದ ಮಂಜು, ಬೇಲೂರು ರಸ್ತೆ.
ಎರಡು ಕಂಬ ಓಡು, ನಾಲ್ಕು ಕಂಬ ನಡಿ.
ಓಟ ಅಂದರೆ ಓಟವಲ್ಲ,
ತುಂಬಿದ ಕೊಡ ಹೊತ್ತವಳ ಅವಸರ ಅಷ್ಟೆ.
ಎರಡನೇ ಕಂಬಕ್ಕೆ ಇನ್ನೇನು ಆರು ಹೆಜ್ಜೆ,
ಹಿಂದಿನಿಂದ ಮೊದಲ ಗಾಡಿ ಬಂತು,
ಬ್ರೇಕು ಕಿರ್ರೆಂದಿತು, ಪಕ್ಕಕ್ಕೇ ನಿಂತಿತು.
ಬಾಗಿಲಲ್ಲಿ ತನುಜ. ಹೋದ ವರ್ಷ
ನನ್ನ ಪಕ್ಕ ನಿಂತು ಕೆಲಸ ಕಲಿತ ಹುಡುಗಿ.
ಗುರುತು ಸಿಗಲಿಲ್ಲ ಅವಳಿಗೆ.
‘ಓಡ್ಬೇಡಿ ಅಕ್ಕಾ, ನಿಲ್ಸಿದೀನಿ, ಹತ್ತಿ ಹತ್ತಿ.’

ಮಾತಾಡಲು ಉಸಿರಿರಲಿಲ್ಲ.
ತಗಡಿಗೆ ಅಂಗೈಯಲ್ಲಿ ಎರಡು ಸಲ ಬಡಿದೆ:
ರೈಟ್. ರೈಟ್.
ಗಾಡಿ ಹೊರಟಿತು. ಹೊರಟ ಮೇಲೆ
ಆ ಬಡಿತ ಯಾರದೆಂದು ಹೊಳೆದಿರಬೇಕು,
ಕುತ್ತಿಗೆ ಹೊರಗೆ ಹಾಕಿ, ಮಂಜಿನೊಳಗಿಂದ,
‘ದಾಕ್ಷಾಯಿಣಿ ಮೇಡಮ್ಮಾ?’

ಮೊಣಕಾಲು ನೋಯುತ್ತಿತ್ತು.
ಬಾಟಲಿಯಿಂದ ಒಂದು ಗುಟುಕು, ಒಂದೇ.
ಬಾಕಿ ಆರು ಹೆಜ್ಜೆ
ಓಡಿದೆನೋ ನಡೆದೆನೋ,
ವೇಬಿಲ್ಲಿನಲ್ಲಿ ಬರೆದಿಲ್ಲ.