ವಾರಕ್ಕೆ ಹನ್ನೆರಡು ಪೀಸು

ಬಳ್ಳಾರಿ, ಮುಂಡರಗಿ ಕಡೆಯ ಜೀನ್ಸ್ ಯೂನಿಟ್ಟು.
ಲೆಕ್ಕ ಬರೆಯುವವನು ನಾನು, ಇಮ್ಮಾನುಯೇಲಪ್ಪ.
ಕಾಜಕ್ಕೆ ಇಷ್ಟು, ಲೂಪಿಗೆ ಇಷ್ಟು,
ದಾರ ಕತ್ತರಿಸುವವರಿಗೆ ಪೀಸಿಗೆ ಎರಡು ರೂಪಾಯಿ,
ಶನಿವಾರ ಸಂಜೆ ಬಟವಾಡೆ.
ಭಾನುವಾರ ಚರ್ಚಿನ ಕಾಣಿಕೆ ಲೆಕ್ಕವೂ ನನ್ನದೇ.
ನನ್ನ ಅಕ್ಷರ ಗುಂಡಗೆ,
ನೋಡಿದವರು ನಂಬುವಂಥದ್ದು.

ಸುವಾರ್ತಮ್ಮನ ಹೆಸರಿನ ಮುಂದೆ
ವಾರಕ್ಕೆ ಹನ್ನೆರಡು ಪೀಸು ಕಡಿಮೆ ಬರೆದೆ.
ಸೇಠನಿಗೊಂದು ಪುಸ್ತಕ, ಅವಳಿಗೊಂದು.
ಹೊಟ್ಟೆಗಿಲ್ಲದೆ ಅಲ್ಲ,
ಫೋನಿನ ರೀಚಾರ್ಜಿಗೆ.
ಕಣ್ಣಿಗೆ ಪೊರೆ ಬಂದ ಹೆಂಗಸು,
ಎಣಿಸಿಕೊಳ್ಳಲಾರಳು ಅಂದುಕೊಂಡೆ.
ಅವಳೋ ನೋಟು ಸೆರಗಿಗೆ ಕಟ್ಟಿ
"ಚಂದಾಗಿರು ಮಗಾ" ಅನ್ನುತ್ತಿದ್ದಳು.
ಸೂರ್ಯ ಮುಳುಗಿದ ಮೇಲೂ
ಕೋಟೆಬೆಟ್ಟದ ಬಂಡೆ ಕಾವು ಬಿಡುತ್ತದಲ್ಲ,
ಹಾಗೆ ಆ ಮಾತು,
ರಾತ್ರಿಯಿಡೀ.

ಸುಮ್ಮನಿರಲಿಲ್ಲ ನಾನು.
ಹದಿನಾಲ್ಕು ಶುಕ್ರವಾರ ಉಪವಾಸ ಮಾಡಿದೆ.
ಚರ್ಚಿನ ಕಿಟಕಿಗೆ ಬಣ್ಣ ಬಳಿದೆ, ಯಾರೂ ಹೇಳದಿದ್ದರೂ.
ಡಬ್ಬಿಗೆ ಐನೂರು ಹಾಕಿದೆ, ಮಡಚಿ, ಕಾಣದಂತೆ.
ಅವನ್ನೆಲ್ಲ ಬರೆದಿಟ್ಟೆ, ಕೊನೆಯ ಪುಟದಲ್ಲಿ,
ದೇವರು ಎಂದಾದರೂ ತನಿಖೆಗೆ ಬಂದರೆ
ತೋರಿಸಲು ಇರಲಿ ಎಂದು.

ಒಂದು ಭಾನುವಾರ ಪಾಸ್ಟರು ಹೇಳಿದರು:
ಬೆಳಗಿನಿಂದ ದುಡಿದವನಿಗೂ
ಹೊತ್ತು ಮುಳುಗುವಾಗ ಬಂದವನಿಗೂ
ಒಡೆಯ ಒಂದೇ ಕೂಲಿ ಕೊಟ್ಟನಂತೆ.
ನನಗೆ ಸಿಟ್ಟು ಬಂತು.
ಇಂಥ ಸೇಠ ಮೂರು ತಿಂಗಳಲ್ಲಿ ಯೂನಿಟ್ ಮುಚ್ಚುತ್ತಾನೆ.
ಆಮೇಲೆ ಹೆದರಿಕೆ ಬಂತು:
ಅವನು ನನ್ನ ಕೊನೆಯ ಪುಟ
ಓದುವುದೇ ಇಲ್ಲವೇನೋ.

ಕೌಲ್ ಬಜಾರಿನ ಅವಳ ಮನೆ,
ಒಂದೇ ಕೋಣೆ, ಬಾಗಿಲಲ್ಲಿ ನೀಲಿ ದಾರದ ಗುಡ್ಡೆ.
ಅರವತ್ತೊಂದು ವಾರ, ಒಂದು ಸಾವಿರದ ನಾನೂರ ಅರವತ್ನಾಲ್ಕು.
ಕವರಿನಲ್ಲಿ ಹಾಕಿ ತಂದಿದ್ದೆ.
ಬಾಯಿ ಒಣಗಿತು. ಹೇಳಿದೆ.
ಅಳುತ್ತಾಳೆ, ಬಯ್ಯುತ್ತಾಳೆ, ಬೇಡ ಅನ್ನುತ್ತಾಳೆ,
ಮೂರಕ್ಕೂ ಸಿದ್ಧನಾಗಿದ್ದೆ.

ಅವಳು ಕವರು ಬಿಚ್ಚಿದಳು.
ನೋಟನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ಎಣಿಸಿದಳು.
ನಲವತ್ತೆಂಟು ರೂಪಾಯಿ ವಾಪಸ್ ಇಟ್ಟಳು.
"ಸೇಠನ ಮಗಳ ಮದಿವಿಗೆ ಎರಡು ವಾರ ಯೂನಿಟ್ ಮುಚ್ಚಿತ್ತು, ಮರೆತಿಯೇನು?"

"ಅಮ್ಮಾ, ನಿನಗೆ ಗೊತ್ತಿತ್ತಾ?"
"ಕಣ್ಣು ಹೋಗ್ಯಾವ, ಬೆರಳು ಹೋಗಿಲ್ಲ.
ಮೊದಲನೇ ವಾರನ ಗೊತ್ತಾತು.
ಆವತ್ತ ರಾತ್ರಿ ಪ್ರಾರ್ಥನೆ ಮಾಡಿ ಬಿಟ್ಟುಬಿಟ್ಟೆ.
ರೊಕ್ಕ ಬ್ಯಾರೆ, ಇದು ಬ್ಯಾರೆ.
ರೊಕ್ಕ ಬೇಕು, ಬಾಡಿಗಿ ಕೊಡಬೇಕು.
ಇದು ಆವತ್ತಿಂದ ಇಲ್ಲೇ ಇತ್ತು.
ನೀನ ಬಂದು ತೊಗೊಂಡಿದ್ದಿಲ್ಲ."

ಚಹಾ ಕೊಟ್ಟಳು. ಸಕ್ಕರೆ ಜಾಸ್ತಿ.
ವರ್ಷದ ಮೇಲಾಗಿತ್ತು ಬಾಗಿಲು ತೆಗೆದು;
ಒಳಗೆ ಕೂತು ನಾನು
ಸಲಾಕೆ ಎಣಿಸುತ್ತಿದ್ದೆ.

ಮುಂದಿನ ಭಾನುವಾರ ಪ್ರಭುಭೋಜನ.
ಮೊಣಕಾಲೂರಿದ ಸಾಲಿನಲ್ಲಿ ಚಾಚಿದ ಅಂಗೈಗಳು,
ಬೆರಳ ತುದಿಗೆ ಸಬ್ಬಿಗೂ ಹೋಗದ ನೀಲಿ,
ನನ್ನದರಲ್ಲಿ ಇಂಕು.
ಯಾವ ಕೈಯನ್ನೂ ತೊಳೆದು ಬಾ ಎನ್ನದೆ
ರೊಟ್ಟಿ ಸಾಲಿನುದ್ದಕ್ಕೂ ಬಂತು.
ಪೆನ್ನು ಹಿಡಿದ ಮುಷ್ಟಿಯಲ್ಲಿ ಅದನ್ನು ಇಸಿದುಕೊಳ್ಳಲಾಗುವುದಿಲ್ಲ,
ಇಷ್ಟು ವರ್ಷ ಇದು ಹೊಳೆದಿರಲಿಲ್ಲ.

ನಲವತ್ತೆಂಟು ರೂಪಾಯಿ ಅಂಗಿಯ ಜೇಬಿನಲ್ಲೇ ಇದೆ.
ಜಮೆಗೋ ಖರ್ಚಿಗೋ
ಗೊತ್ತಾಗುತ್ತಿಲ್ಲ.

ಸೋಮವಾರ.
ಸುವಾರ್ತಮ್ಮ, ಎಂಬತ್ತಾರು ಪೀಸು.
ಎರಡು ಸಲ ಎಣಿಸಿದೆ.
ಎಂಬತ್ತಾರು ಬರೆದೆ.