ಕಾಜಾ ಲೆಕ್ಕ

ಒಂದು ಕಾಜಾಕ್ಕೆ ಐವತ್ತು ಪೈಸೆ.
ಜೀನ್ಸಿನ ಸೊಂಟಪಟ್ಟಿಗೆ ಒಂದೇ ಕಾಜಾ, ಒಂದೇ ಗುಂಡಿ.
ಮೂವತ್ತಾರು ಸಾವಿರದ ಎಂಟುನೂರು ಪ್ಯಾಂಟು
ನನ್ನ ಕೈ ದಾಟಿ, ಬಳ್ಳಾರಿಯ ಕೌಲ್ ಬಜಾರಿನ ಗಲ್ಲಿ ದಾಟಿ
ಲಾರಿ ಹತ್ತಿ ಎಲ್ಲೆಲ್ಲಿಗೋ ಹೋದವು.
ಹದಿನೆಂಟು ಸಾವಿರದ ನಾನೂರು ರೂಪಾಯಿ
ಎಲ್ಲಿಗೂ ಹೋಗಲಿಲ್ಲ,
ಮಾಲೀಕ ರಾಮಾಂಜಿನಿಯ ಗಲ್ಲಾದಲ್ಲೇ ಕೂತಿತು.

"ಕೋರ್ಟಿಗೆ ಹೋಗಬ್ಯಾಡ ಮಾಬುನ್ನಿ," ಅಂದಿದ್ದಳು ಗಾದಿಲಿಂಗಮ್ಮ,
"ಗೆದ್ದಾಂವ ಸೋತ, ಸೋತಾಂವ ಸತ್ತ."
ಗೆದ್ದಾಕಿ ಏನಾಗುತ್ತಾಳೆಂದು ಗಾದೆಯಲ್ಲಿಲ್ಲ.
ನೋಡೋಣವೆಂದು ಹೋದೆ.

ಒಂಬತ್ತು ವರ್ಷ. ಅರವತ್ತೊಂದು ವಾಯಿದೆ.
ನನ್ನ ಹತ್ತಿರ ನೋಟುಬುಕ್ಕಿದೆ, ನೀಲಿ ರಟ್ಟಿನದು:
ಕೋರ್ಟು ಫೀ. ಬತ್ತಾ. ವಕೀಲರ ಕಂತು.
ಸಮನ್ಸ್ ಒಯ್ದ ಅಮೀನನಿಗೆ ಚಹಾ,
ಬಾಗಿಲು ಹಾಕಿತ್ತೆಂದು ಬರೆದುಕೊಂಡು ಬಂದದ್ದಕ್ಕೆ ಇನ್ನೊಂದು ಚಹಾ.
ಆಟೋ. ಅರ್ಧ ದಿನದ ಕೂಲಿ ಖೋತಾ.
ವರಾಂಡದಲ್ಲಿ ಕಾದು ಕಾದು ತಿಂದ ಒಗ್ಗರಣಿ ಮಿರ್ಚಿ,
ಅದನ್ನು ಬರೆಯಲೋ ಬೇಡವೋ?
ಹಸಿವು ದಾವೆಯ ಖರ್ಚೋ, ಹೊಟ್ಟೆಯ ಖರ್ಚೋ?
ಬರೆದೆ. ಪೆನ್ಸಿಲಿನಲ್ಲಿ.

ಕೊನೆಗೆ ಗೆದ್ದೆ.
ವಕೀಲ ಅಮರೇಗೌಡರು ಓದಿ ಹೇಳಿದರು: ದಾವೆ ಡಿಕ್ರಿ ಆಗಿದೆ.
ಕಡೆಯ ಸಾಲನ್ನು ಮಾತ್ರ ಗಂಟಲೊಳಗೇ ಓದಿಕೊಂಡರು.
ಇಸಕೊಂಡು ನಾನೇ ಅಕ್ಷರ ಕೂಡಿಸಿದೆ:
ಉಭಯ ಪಕ್ಷಗಾರರು ತಮ್ಮ ತಮ್ಮ ಖರ್ಚನ್ನು ತಾವೇ ಭರಿಸತಕ್ಕದ್ದು.

ಭರಿಸತಕ್ಕದ್ದು.
ಎಂಥ ತೂಕದ ಮಾತು,
ಹೊರುವ ಹೆಗಲನ್ನೇ ನೋಡದ ಮಾತು.
ನನ್ನದು ಇಪ್ಪತ್ತೇಳು ಸಾವಿರದ ಮುನ್ನೂರೈವತ್ತು,
ಐವತ್ತನಾಲ್ಕು ಸಾವಿರದ ಏಳುನೂರು ಕಾಜಾ.
ಅವನದೆಷ್ಟೋ; ಅವನ ಲೆಕ್ಕ ಗುಮಾಸ್ತ ಬರೆಯುತ್ತಾನೆ
ಅಂಗಡಿ ಖರ್ಚಿನೊಳಗೆ, ದೀಪಾವಳಿ ಪೂಜೆಯ ಪಕ್ಕದಲ್ಲಿ.
ಡಿಕ್ರಿಯ ರೊಕ್ಕ ಇನ್ನೂ ಬಂದಿಲ್ಲ.
ಅದಕ್ಕೆ ಬೇರೆ ಅರ್ಜಿಯಂತೆ, ಅಮಲ್ಜಾರಿ.

ಈ ಬೇಸಿಗೆಯಲ್ಲಿ ಸಮಿತಿಯೊಂದು ಬಂತು,
ದಾವೆಯ ಪದ್ಧತಿ ತಿದ್ದಲು ಜನರನ್ನು ಕೇಳಬೇಕಂತೆ.
ಕೋಟೆಗುಡ್ಡದ ಬಂಡೆಗಳು ಕಾದು ಊರ ಮೇಲೆ ಉಸಿರು ಬಿಡುವ ಮಧ್ಯಾಹ್ನ,
ಸಭಾಂಗಣದಲ್ಲಿ ಎರಡು ಕೂಲರು, ಬಿಸ್ಕೀಟು.
ಕನ್ನಡಕದವರೊಬ್ಬರು ಅಂದರು: ಇನ್ನು ಮುಂದೆ
ಸೋತವರೇ ಗೆದ್ದವರ ಖರ್ಚು ಕೊಡಲಿ.
ಚಪ್ಪಾಳೆ. ನಾನೂ ತಟ್ಟಿದೆ,
ಎರಡನೇ ಸಲಕ್ಕೆ ಕೈಗಳು ನಡುವೆಯೇ ನಿಂತವು.

ಗಾದಿಲಿಂಗಮ್ಮ ನೆನಪಾದಳು,
ಮೂರು ಮೊಳದ ಗೋಡೆಯ ದಾವೆ ಸೋತವಳು.
ಗೋಡೆ ಅವಳದೇ, ನನಗೆ ಗೊತ್ತು, ಓಣಿಗೇ ಗೊತ್ತು.
ಆ ದಾವೆಯಲ್ಲಿ ಗೆದ್ದದ್ದು ಗೆದ್ದಲು,
ಪೆಟ್ಟಿಗೆಯ ಕಾಗದ ತಿಂದು ಮುಗಿಸಿತ್ತು.
ಎದುರಿನವನ ವಕೀಲರ ಫೀಜನ್ನೂ ಅವಳೇ ಕಟ್ಟಬೇಕಿದ್ದರೆ
ಅವಳ ಹೊಲಿಗೆ ಮಷೀನು ಇವತ್ತು ಯಾರ ಮನೆಯಲ್ಲಿ ಓಡುತ್ತಿತ್ತು?
ಹಾಗಿದೆಯೆಂದು ಗೊತ್ತಿದ್ದರೆ ನಾನಾದರೂ
ಆ ಮೆಟ್ಟಿಲು ಹತ್ತುತ್ತಿದ್ದೆನೆ?

ಕೈ ಎತ್ತಿದೆ. ಎರಡು ನಿಮಿಷ ಕೊಟ್ಟರು.
"ಸೋತೋರು ಬ್ಯಾಡ್ರಿ ಸಾಹೇಬ್ರ,
ಕಾಯಿಸಿದೋರು ಕೊಡ್ಲಿ.
ಅರವತ್ತೊಂದರಾಗ ನಲವತ್ನಾಕು ವಾಯಿದೆ ಆತ ಕೇಳಿದ್ದು.
ವಕೀಲರಿಗೆ ಜ್ವರ, ಸಾಕ್ಷಿ ತಿರುಪತಿಗೆ ಹೋಗ್ಯಾನ, ಕಡತ ಮನಿಯಾಗ ಉಳದೈತಿ.
ನನ್ನ ಅವತ್ತಿನ ಕೂಲಿ ಮೊದಲು ಮೇಜಿನ ಮ್ಯಾಲ ಇಡ್ಲಿ,
ಆಮ್ಯಾಲ ಜ್ವರ ಬರ್ಲಿ."

ನಕ್ಕರು. ಬರೆದುಕೊಂಡರು.
"ಐದು ಸಲ ನಮ್ಮ ವಕೀಲ್ರೇ ಬರಲಿಲ್ಲ, ಅದನ್ನೂ ಬರಕೊಳ್ರಿ.
ಉಳಿದ ಹನ್ನೆರಡು ಸಲ ಜಡ್ಜ್ ಸಾಹೇಬ್ರು ರಜಾ, ಇಲ್ಲಾ ವರ್ಗಾ,
ಕುರ್ಚಿ ಖಾಲಿ.
ಅದನ್ನ ಯಾರು ಕೊಡ್ತೀರಿ?"

ಪೆನ್ನು ನಿಂತಿತು.
ಕೂಲರು ಮಾತ್ರ ಗೊರಗುಟ್ಟುತ್ತಿತ್ತು.
ಕನ್ನಡಕದವರು, ಒಳ್ಳೆಯವರೇ ಇರಬೇಕು, ಮೆತ್ತಗೆ ಅಂದರು:
"ಇದನ್ನೆಲ್ಲ ಲಿಖಿತವಾಗಿ ಕೊಡಿ ಅಮ್ಮಾ, ಮೂರು ಪ್ರತಿ."

ಝೆರಾಕ್ಸ್ ಅಂಗಡಿಯವನು ಪುಟಕ್ಕೆ ಎರಡು ರೂಪಾಯಿ ಅಂದ.
ಹನ್ನೆರಡು ಕಾಜಾ.
ಚೀಲದಲ್ಲಿ ಪೆನ್ಸಿಲ್ ಹುಡುಕಿದೆ.