ಚಿಗರಿಯ ಕರಾರು

ಮುಧೋಳದ ಬಸ್‌ಸ್ಟ್ಯಾಂಡ್ ಎದುರಿಗೆ, ಗೊಬ್ಬರದಂಗಡಿ ಮಾಳಿಗಿ ಮ್ಯಾಲೆ
ಫ್ಯಾನಿನ ಕೆಳಗ ಕುಂತ ಮ್ಯಾನೇಜರ್ ಕೇಳಿದ:
"ಫಾಲೋವರ್ಸ್ ಎಷ್ಟು?"
ನಾನು ಹಿಂದ ಹೊರಳಿ ನೋಡಿದೆ.
ಬಾಗಲದಾಗ ಚಿಗರಿ ನಿಂತಿತ್ತು,
ಎಲವು ಎಣಿಸೂವಂಗ, ಸೊಂಟ ಹಿಡಿಯಷ್ಟು,
ಮಾರಿ ಉದ್ದ, ಯಾರೋ ಎಳೆದು ಬಿಟ್ಟಂಗ.
"ಒಂದು ಐತ್ರಿ" ಅಂದೆ.
ಅವ ನಗಲಿಲ್ಲ.
ಹನ್ನೊಂದು ಸಾವಿರ ಇದ್ದದ್ದು ಆಮ್ಯಾಲೆ ತೋರಿಸಿದೆ.

ಅಜ್ಜ ಲಗಮಣ್ಣಗೂ ಇದಽ ನೌಕರಿ ಇತ್ತು, ಅದಕ್ಕ ಹೆಸರಿರಲಿಲ್ಲ.
ನಸುಕಿನಾಗ ನಾಕು ನಾಯಿ, ಹೆಗಲಿಗೆ ಬಲೆ,
ಎರಿ ಹೊಲದ ಕೂಳಿಯಾಗ ಮೊಲ ಎದ್ದರ
"ಹುಶ್" ಅನ್ನೂದೊಂದಽ ಮಾತು.
ಗೌಡರು ದಸರೆಕ್ಕೊಂದು ಪಟಗಾ ಕೊಡತಿದ್ದರಂತ.
ಹಿಂದಿನ ತೊಡಿ ಅವರ ಮನಿಗೆ,
ಮುಂದಿನದು ನಮಗ. ಕಿವಿ ನಾಯಿಗೆ.
ಕಾಯ್ದೆ ಬಂತು. ಬಲೆ ಅಟ್ಟ ಏರಿತು.
ಈಗ ಅದರಾಗ ಉಳ್ಳಾಗಡ್ಡಿ ತೂಗತಾವ.

ಮ್ಯಾನೇಜರ್ ಚೀಲ ಎತ್ತಿ ತೋರಿಸಿದ.
ಬಂಗಾರದ ಅಕ್ಷರ: ಬೇಟೆಗಾರನ ಶಕ್ತಿ.
"ಆದರ ವಿಡಿಯೋದಾಗ ಬೇಟೆ ಅನ್ನಬ್ಯಾಡ.
ಮೊಲ ಕಾಣಬಾರದು. ರಕ್ತ ಕಾಣಬಾರದು.
ಅಜ್ಜನ ಸುದ್ದಿ ಹೇಳು, ಮಂದಿಗೆ ಸೇರತೈತಿ,
ಅಜ್ಜ ಏನು ಹಿಡೀತಿದ್ದ ಅನ್ನೂದು ಬಿಟ್ಟು ಹೇಳು."
ತಿಂಗಳಿಗೆ ಎರಡು ಚೀಲ, ಆರು ಸಾವಿರ,
ಒಂದು ಟೀ ಶರ್ಟ್, ಎದಿ ಮ್ಯಾಲೆ ಬಾಯಿ ತೆರೆದ ನಾಯಿ.
ನಮ್ಮದಲ್ಲ ಅದು, ಯಾವುದೋ ದೇಶದ್ದು, ಕಿವಿ ನೆಟ್ಟಗ.
ಬೆರಳಿಟ್ಟು ತೋರಿಸಿದೆ.
"ಡಿಸೈನ್ ಹೆಡ್ ಆಫೀಸಿನದು" ಅಂದ.
ಅವ್ವನ ಚಾಳೀಸಿನ ಒಂದು ಗಾಜು ಒಡೆದು ವರ್ಷ ಆಗಿತ್ತು.
ಸಹಿ ಮಾಡಿದೆ: ಕಸ್ತೂರಿ ಲ. ನಾಯಕ.

ಚಿಗರಿ ಆ ಕಾಳು ಮೂಸಿತು,
ನನ್ನ ಮಾರಿ ನೋಡಿತು, ನಾನಽ ತಪ್ಪು ಮಾಡಿದಂಗ,
ಹೋಗಿ ಗ್ವಾದಲಿ ಬಾಜೂಕ ಮಲಗಿತು.
ಹಾಲಿನ್ಯಾಗ ನೆನಸಿದ ರೊಟ್ಟಿ ಕಾಳಿನ ತಳಕ್ಕ ಮುಚ್ಚಿಟ್ಟೆ.
ಆಗ ತಿಂತು, ಮ್ಯಾಲಿನದೆಲ್ಲಾ ಮೂಗಿಲೆ ಸರಿಸಿ.
ಸರಿಸಿದ್ದಷ್ಟು ಕತ್ತರಿಸಿ ಹಾಕಿದೆ.
ನಲವತ್ತು ಸಾವಿರ ಮಂದಿ ನೋಡಿದರು.
ಉಳಿದ ಕಾಳು ಕೋಳಿ ತಿಂತಾವ.
ಈ ವರ್ಷ ತತ್ತಿಗೇನೂ ಕಮ್ಮಿ ಇಲ್ಲ.

ಲೋಕಾಪುರದ ಬಯಲಾಗ ಓಟ.
ಹಗ್ಗದ ತುದಿಗೆ ಹಳೇ ದುಪ್ಪಟಿ ಗಂಟು, ಅದಕ್ಕ ಎರಡು ಕಿವಿ ಹೊಲಿದಿದ್ದರು.
ಮೋಟರ್ ಗುರ್ ಅಂತು. ಗಂಟು ಹಾರಿತು. ಏಳು ನಾಯಿ ಹಾರಿದವು.
ಚಿಗರಿದು ಓಡೂದಲ್ಲ,
ನೆಲಾನ ತನ್ನ ಹೊಟ್ಟಿ ಕೆಳಗ ಎಳಕೊಳ್ಳೂದು.
ನಾಕೂ ಕಾಲು ಒಂದು ಗಳಿಗಿ ಎಲ್ಲೂ ಇರೂದಿಲ್ಲ.
ಮುಂದಿತ್ತು. ಗಂಟಿಗೆ ಬಾಯಿ ಹಾಕೂದಷ್ಟಽ ಇತ್ತು.

ಆಗ ಬಾರಿ ಕಂಟಿಯಿಂದ ಎದ್ದಿತು.
ಖರೇದು.
ಬೂದಿ ಬಣ್ಣ, ಕಿವಿ ಬೆನ್ನಿಗೆ ಹಚ್ಚಿ.

ಚಿಗರಿ ಹೊರಳಿದ್ದು ನಾ ನೋಡಲಿಲ್ಲ, ಹಾರಿದ ಮಣ್ಣು ನೋಡಿದೆ.
ಮಂದಿ ಹೋ ಅಂತ ಎದ್ದು ನಿಂತಿತು.
ಬಾಂದಗಲ್ಲಿನ ಮ್ಯಾಲೆ ಕುಂತಿದ್ದ ಅಜ್ಜ, ಎಂಬತ್ತನಾಕರ ಮುದುಕ,
ಅವನ ತುಟಿ ಹುಶ್ ಅನ್ನಲಿಕ್ಕೆ ಗುಂಡಗಾದವು.
ನಾನು ಸೀಟಿ ಊದಿದೆ.
ಯಾಕ ಊದಿದಿ ಅಂತ ಕೇಳಿದವರಿಗೆ ಕಾಯ್ದೆ ಅಂದೆ.
ಚಿಗರಿ ನಿಂತಿತು, ಮುಂದಿನ ಒಂದು ಕಾಲು ಎತ್ತಿ,
ಮೊಲಕ್ಕೂ ಸೀಟಿಗೂ ನಡುವ,
ಗಡಿ ದಾಟಿ ಮೊಲ ಕಾಣದಂಗ ಆಗೂತನಾ ಎತ್ತಿದ ಕಾಲು ಇಳಸಲಿಲ್ಲ.

ಟಂಟಂದಾಗ ಅಜ್ಜ ಮಾತಾಡಲಿಲ್ಲ.
ಚಿಗರಿಯ ಪಕ್ಕಿ ಮ್ಯಾಲೆ ಕೈ ಇಟ್ಟು ಉಸಿರು ಲೆಕ್ಕ ಹಾಕತಿದ್ದ.
ಊರು ಹತ್ರ ಬಂದಾಗ ಕೇಳಿದ:
"ತಿಂಗಳಿಗೆ ಎಷ್ಟು ಕೊಡತಾರಂದಿ?"
"ಆರು ಸಾವಿರ."
"ಮೊಲಕ್ಕ?"

ನಾನು ಫೋನ್ ತೆಗೆದೆ. ತಮ್ಮ ಎಲ್ಲಾನೂ ಹಿಡಿದಿದ್ದ.
ಆ ಹನ್ನೆರಡು ಸೆಕೆಂಡು ಹುಡುಕಿದೆ, ಕತ್ತರಿಸಲಿಕ್ಕೆ.
ನೋಡಿದೆ. ಮತ್ತ ನೋಡಿದೆ.
ಅಜ್ಜ ಬಗ್ಗಿದ. ಮೊಲದ ಮ್ಯಾಲೆ ಬೆರಳಿಟ್ಟ,
ಅದು ಹೋದ ಕಡೆ ಮೆಲ್ಲಕ ಎಳೆದ,
ಗಾಜು ಮುಗಿದ ಮ್ಯಾಲೂ
ನನ್ನ ಕೈ ದಾಟಿ, ತನ್ನ ಧೋತರದ ಮ್ಯಾಲೆ
ಇನ್ನೊಂದು ಗೇಣು.